ಯಂತ್ರ ಮಾರುವವರು ಅದರ ಮಾಹಿತಿಯನ್ನೂ ಕೊಡಬೇಕು: ಏನನ್ನು ಕೇಳಬೇಕು, ಯಾವಾಗ ಕೇಳಬೇಕು

ಮುಂಬೈಯ ಮಾಟುಂಗಾ, ಫೋರ್ಟ್ ಕಡೆಯ ಉಡುಪಿ ಹೋಟೆಲುಗಳಲ್ಲಿ ಕೌಂಟರಿನಲ್ಲಿ ಒತ್ತಿದ ಆರ್ಡರು ಅಡುಗೆಮನೆಯ ಸಣ್ಣ ಥರ್ಮಲ್ ಪ್ರಿಂಟರಿನಲ್ಲಿ ಚೀಟಿಯಾಗಿ ಹೊರಬರುತ್ತದೆ. ಗಿರಾಕಿಯ ಬಿಲ್ಲು ಇಂಗ್ಲಿಷಿನಲ್ಲಿದ್ದರೂ ನಡೆಯುತ್ತದೆ. ಒಳಗೆ ಕುಂದಾಪುರ, ಕಾರ್ಕಳದ ಕಡೆಯಿಂದ ಬಂದ ಅಡುಗೆ ಭಟ್ಟರಿಗೆ ಮಾತ್ರ ಚೀಟಿ ಕನ್ನಡದಲ್ಲಿ ಬಂದರೆ ಕೆಲಸ ಸಲೀಸು. ಇದನ್ನು ಮಾಡಲು ಪ್ರಿಂಟರು ಕಂಪನಿಯನ್ನು ಕೇಳಬೇಕಾಗಿಯೇ ಇಲ್ಲ. ಎಪ್ಸನ್ ಕಂಪನಿ ತನ್ನ ಬಿಲ್ ಪ್ರಿಂಟರುಗಳ ಆದೇಶಗಳನ್ನು, ಅಂದರೆ ಇಎಸ್‌ಸಿ-ಪಿಒಎಸ್ ಎಂಬ ಪಟ್ಟಿಯನ್ನು, ಯಾರು ಬೇಕಾದರೂ ಓದುವಂತೆ ಪ್ರಕಟಿಸಿದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಅಗ್ಗದ ಪ್ರಿಂಟರುಗಳಲ್ಲೂ ಬಹುಪಾಲು ಅದೇ ಆದೇಶಗಳನ್ನೇ ಪಾಲಿಸುತ್ತವೆ.

ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಗ್ಗದ ಪ್ರಿಂಟರಿನೊಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರಗಳಿರುವುದಿಲ್ಲ. ‘ಇಡ್ಲಿ’ ಎಂಬ ಪದ ಯೂನಿಕೋಡಿನಲ್ಲಿ ಐದು ಸಂಕೇತ: ಇ, ಡ, ಹಲಂತ, ಲ, ಗುಡಿಸು. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ ಒಟ್ಟು 15 ಬೈಟು. ಹಾಗೆಯೇ ಕಳಿಸಿದರೆ ಪ್ರಿಂಟರು ಪ್ರತಿ ಬೈಟನ್ನೂ ಒಂದು ಅಕ್ಷರ ಎಂದು ತಿಳಿದು 15 ಅಸಂಬದ್ಧ ಚಿಹ್ನೆಗಳನ್ನು ಒತ್ತಿಬಿಡುತ್ತದೆ. ಆದ್ದರಿಂದ ಪದವನ್ನು ಕಂಪ್ಯೂಟರಿನಲ್ಲೇ ಚಿತ್ರವಾಗಿಸಿ ಕಳಿಸಬೇಕು. 80 ಮಿಲಿಮೀಟರ್ ಕಾಗದದಲ್ಲಿ ಮುದ್ರಣ ಬೀಳುವುದು 72 ಮಿಲಿಮೀಟರ್ ಅಗಲದಲ್ಲಿ. ಮಿಲಿಮೀಟರಿಗೆ 8 ಚುಕ್ಕಿಯಂತೆ ಸಾಲಿಗೆ 576 ಚುಕ್ಕಿ, ಬೈಟಿನ ಲೆಕ್ಕದಲ್ಲಿ 72. ಚಿತ್ರ ಒತ್ತುವ ಆದೇಶ ಅಂಕಿಗಳಲ್ಲಿ 29, 118, 48, 0. ಅದರ ಹಿಂದೆಯೇ ಅಗಲಕ್ಕೆ 72, 0 ಮತ್ತು ಎತ್ತರಕ್ಕೆ 24, 0. ಆಮೇಲೆ 72 ಗುಣಿಸು 24, ಅಂದರೆ 1,728 ಬೈಟುಗಳ ಚಿತ್ರ. ಅಷ್ಟೇ.

ಎಡವುವ ಜಾಗಗಳು ಮೂರು. ಅಕ್ಷರಗಳನ್ನು ಜೋಡಿಸುವ ತಂತ್ರಾಂಶ ಇಲ್ಲದೆ ಚಿತ್ರ ಮಾಡಿದರೆ ಒತ್ತಕ್ಷರ ಒಡೆಯುತ್ತದೆ. ಪೈಥಾನಿನ ಪಿಲ್ಲೋ ಬಳಸುವವರು ಅದರ ಜೊತೆ ರಾಕ್ಮ್ ಲೈಬ್ರರಿ ಇದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲವಾದರೆ ‘ಡ್ಲಿ’ ಎಂಬುದು ‘ಡ್’ ಮತ್ತು ‘ಲಿ’ ಎಂದು ಬೇರೆಬೇರೆಯಾಗಿ ಬೀಳುತ್ತದೆ. ಎರಡನೆಯದು, ಇಡೀ ಚೀಟಿಯನ್ನು ಒಂದೇ ಚಿತ್ರವಾಗಿ ಕಳಿಸಿದರೆ ಪ್ರಿಂಟರಿನ ಸಣ್ಣ ಮೆಮೊರಿ ತುಂಬಿ ಅರ್ಧ ಚೀಟಿ ಸರಿ ಬಂದು ಉಳಿದದ್ದು ಕಸವಾಗುತ್ತದೆ. 24 ಸಾಲುಗಳ ಪಟ್ಟಿಗಳಾಗಿ ಕತ್ತರಿಸಿ ಕಳಿಸುವುದು ಇದೇ ಕಾರಣಕ್ಕೆ. ಮೂರನೆಯದು ವೇಗ. 100 ಮಿಲಿಮೀಟರ್ ಉದ್ದದ ಚೀಟಿಯ ಚಿತ್ರ 57,600 ಬೈಟು. ಹಳೆಯ ಸೀರಿಯಲ್ ತಂತಿಯಲ್ಲಿ 9,600 ಬಾಡ್ ವೇಗವಿದ್ದರೆ ಸೆಕೆಂಡಿಗೆ ಸುಮಾರು 960 ಬೈಟು ಹೋಗುವುದರಿಂದ ಒಂದು ಚೀಟಿಗೆ ಪೂರ್ತಿ ಒಂದು ನಿಮಿಷ ಹಿಡಿಯುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಆಗದ ಮಾತು. 1,15,200ಕ್ಕೆ ಏರಿಸಿದರೆ 5 ಸೆಕೆಂಡು ಸಾಕು. ಆ ವೇಗ ಬದಲಿಸುವ ಪುಟ್ಟ ಸ್ವಿಚ್ಚುಗಳು ಕೆಲವು ಮಾದರಿಗಳಲ್ಲಿ ಪ್ರಿಂಟರಿನ ಅಡಿಯಲ್ಲಿರುತ್ತವೆ. ಆದರೆ ಯಾವ ಸ್ವಿಚ್ಚಿಗೆ ಯಾವ ವೇಗ ಎಂಬ ಕೋಷ್ಟಕ ಅಗ್ಗದ ಮಾದರಿಯ ಡಬ್ಬಿಯಲ್ಲಿ ಬಹಳ ಸಲ ಇರುವುದೇ ಇಲ್ಲ. ಮೆಮೊರಿ ಎಷ್ಟು ಎಂಬುದನ್ನೂ ಬರೆದಿರುವುದಿಲ್ಲ. ಮೂಲ ಕಂಪನಿ ಪ್ರಕಟಿಸಿದಷ್ಟು ಭಾಗ ಒಂದೆರಡು ದಿನದಲ್ಲಿ ಮುಗಿಯುತ್ತದೆ, ನಕಲು ಮಾಡಿದವರು ಬರೆಯದೆ ಬಿಟ್ಟ ಭಾಗಕ್ಕೇ ಉಳಿದ ಸಮಯವೆಲ್ಲ ಹೋಗುತ್ತದೆ.

ಇದರ ಪಕ್ಕದಲ್ಲಿ ಪುಣೆಯ ಭೋಸರಿ, ಚಾಕಣ ಕಡೆಯ ಒಂದು ವರ್ಕ್‌ಶಾಪನ್ನು ಇಟ್ಟು ನೋಡಿ. ಪ್ಯಾನೆಲ್ಲಿನಲ್ಲಿ ಒಂದು ವಿದ್ಯುತ್ ಮೀಟರಿದೆ, ಹಿಂಬದಿಯಲ್ಲಿ ಆರ್‌ಎಸ್-485ರ (ಸಾಧನಗಳನ್ನು ತಂತಿಯಲ್ಲಿ ಜೋಡಿಸುವ ಪದ್ಧತಿ) ಎರಡು ತಿರುಪು. ಮೀಟರು ಮಾಡ್‌ಬಸ್ ಭಾಷೆ ಮಾತಾಡುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದೆ. ಮಾಡ್‌ಬಸ್ 1979ರಿಂದ ಇರುವ, ಎಲ್ಲರಿಗೂ ತೆರೆದ ನಿಯಮ. ಆದರೆ ಅದು ಹೇಳುವುದು ಪ್ರಶ್ನೆ ಕೇಳುವ ರೀತಿಯನ್ನು ಮಾತ್ರ. ಯಾವ ರಿಜಿಸ್ಟರಿನಲ್ಲಿ (ಎರಡು ಬೈಟು ಹಿಡಿಯುವ ಮನೆ) ವೋಲ್ಟೇಜು, ಯಾವುದರಲ್ಲಿ ಯೂನಿಟ್ಟು ಎಂಬ ಪಟ್ಟಿಯನ್ನು ಮೀಟರು ತಯಾರಿಸಿದವರೇ ಕೊಡಬೇಕು. ಕೇಳಿದಾಗ ‘ನಮ್ಮ ಸಾಫ್ಟ್‌ವೇರ್ ತೆಗೆದುಕೊಳ್ಳಿ’ ಎನ್ನುವ ಉತ್ತರ ಹೊಸದೇನಲ್ಲ. ಪಟ್ಟಿ ಸಿಕ್ಕರೂ ಅದು ಅರ್ಧಂಬರ್ಧ.

ಅರ್ಧ ಪಟ್ಟಿ ಎಂಥ ತೊಂದರೆ ಕೊಡುತ್ತದೆ ಎಂಬುದಕ್ಕೆ ಲೆಕ್ಕ ಸಮೇತ ಉದಾಹರಣೆ ಕೊಡಬಹುದು. ವೋಲ್ಟೇಜು 40001ರಲ್ಲಿದೆ ಎಂದು ಪಟ್ಟಿ ಹೇಳುತ್ತದೆ. ರೂಢಿಯ ಪ್ರಕಾರ ತಂತಿಯ ಮೇಲೆ ಅದು ವಿಳಾಸ 0. ಹಾಗಾಗಿ ಪ್ರಶ್ನೆ 01 03 00 00 00 02 (ಸಾಧನ 1, ಓದುವ ಆದೇಶ 03, ವಿಳಾಸ 0, ಎರಡು ರಿಜಿಸ್ಟರು), ಕೊನೆಗೆ ತಪ್ಪು ಹಿಡಿಯುವ ಸಿಆರ್‌ಸಿಯ ಎರಡು ಬೈಟು. ಕೆಲವು ತಯಾರಕರು ಅದನ್ನೇ ವಿಳಾಸ 1 ಎಂದು ಲೆಕ್ಕ ಹಿಡಿಯುತ್ತಾರೆ, ಆಗ ಒಂದು ಮನೆ ಆಚೆಯ ಅಂಕಿ ಓದಿಬರುತ್ತದೆ. ಸರಿಯಾದ ಮನೆಯನ್ನೇ ಓದಿದಿರಿ ಎಂದುಕೊಳ್ಳಿ: 230.0 ವೋಲ್ಟು ಫ್ಲೋಟ್ ಸಂಖ್ಯೆಯಾಗಿ (ದಶಮಾಂಶ ಬಿಂದುವಿರುವ ಸಂಖ್ಯೆ), ಹೆಕ್ಸಿನಲ್ಲಿ 43 66 00 00 ಎಂಬ ನಾಲ್ಕು ಬೈಟಾಗಿ ಬರುತ್ತದೆ. ಎರಡು ರಿಜಿಸ್ಟರುಗಳ ಕ್ರಮ ತಿರುಗುಮುರುಗಾದರೆ ಅದೇ ನಾಲ್ಕು ಬೈಟು 00 00 43 66 ಆಗುತ್ತದೆ. ಅದರ ಬೆಲೆ ಎಷ್ಟು ಸಣ್ಣದೆಂದರೆ ಪರದೆಯ ಮೇಲೆ ಸೊನ್ನೆ ಕಾಣುತ್ತದೆ. ಮೀಟರು ಕೆಟ್ಟಿದೆ ಎಂದುಕೊಂಡು ವಾಪಸು ಕಳಿಸುವವರಿದ್ದಾರೆ. ಮೀಟರು ಕೆಟ್ಟಿರುವುದಿಲ್ಲ, ರಿಜಿಸ್ಟರುಗಳ ಕ್ರಮ ತಿಳಿಸುವ ಒಂದು ಸಾಲು ಪಟ್ಟಿಯಲ್ಲಿ ಇರುವುದಿಲ್ಲ.

ಇದಕ್ಕಿಂತ ಅಪಾಯಕಾರಿಯಾದದ್ದು ತಡವಾಗಿ ಹೊರಬೀಳುವ ತಪ್ಪು. ಯೂನಿಟ್ ಲೆಕ್ಕ ಎರಡು ರಿಜಿಸ್ಟರುಗಳಲ್ಲಿ ಹಂಚಿರುತ್ತದೆ, ಪಟ್ಟಿಯಲ್ಲಿ ಒಂದೇ ರಿಜಿಸ್ಟರು ಎಂದು ಬರೆದಿರುತ್ತದೆ. ಒಂದು ರಿಜಿಸ್ಟರು ಹಿಡಿಯುವುದು 65,535ರವರೆಗೆ. ಅಳತೆ 0.1 ಯೂನಿಟ್ಟಿನದಾದರೆ ಹೊಸ ಮೀಟರು 6,553.5 ಯೂನಿಟ್ ಆದ ಮೇಲೆ ಸೊನ್ನೆಗೆ ಮರಳಿದಂತೆ ಕಾಣುತ್ತದೆ. ದಿನಕ್ಕೆ 200 ಯೂನಿಟ್ ಸುಡುವ ಶೆಡ್ಡಿನಲ್ಲಿ ಅದು ಒಂದು ತಿಂಗಳು ದಾಟಿದ ಮೇಲೆ, ಅಂದರೆ ಕೆಲಸ ಒಪ್ಪಿಸಿ ಹಣ ಪಡೆದಾದ ಮೇಲೆ. ಯಾವ ಶಿಫ್ಟಿನಲ್ಲಿ ಎಷ್ಟು ಖರ್ಚು ಎಂದು ಅದೇ ಅಂಕಿಯಿಂದ ಲೆಕ್ಕ ಹಾಕುವ ಮಾಲೀಕರಿಗೆ ಇದು ಸಣ್ಣ ವಿಷಯವಲ್ಲ.

ಎಲ್ಲವನ್ನೂ ಕೇಳಬೇಡಿ, ಬೇಕಾದ್ದನ್ನು ಬಿಡಬೇಡಿ

ತಯಾರಕರ ಮುಂದೆ ‘ನಿಮ್ಮ ವಿನ್ಯಾಸವನ್ನೆಲ್ಲ ಬಹಿರಂಗಪಡಿಸಿ’ ಎಂದು ನಿಂತರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ದಾಖಲೆಗಳಲ್ಲಿ ಮೂರು ಬಗೆ ಇವೆ, ಕೇಳುವವರು ಮೊದಲು ಅದನ್ನು ಬೇರ್ಪಡಿಸಿಕೊಳ್ಳಬೇಕು. ಯಂತ್ರದ ಜೊತೆ ಮಾತಾಡಲು ಬೇಕಾದದ್ದು ಒಂದು ಬಗೆ: ರಿಜಿಸ್ಟರ್ ಪಟ್ಟಿ, ಆದೇಶಗಳ ಪಟ್ಟಿ, ಕನೆಕ್ಟರಿನ ಪಿನ್ನುಗಳ ವಿವರ, ವೋಲ್ಟೇಜಿನ ಮಿತಿ, ಗೊತ್ತಿರುವ ದೋಷಗಳ ಪಟ್ಟಿ. ರಿಪೇರಿಗೆ ಬೇಕಾದದ್ದು ಇನ್ನೊಂದು: ಸರ್ಕ್ಯೂಟ್ ಚಿತ್ರ, ಬಿಡಿಭಾಗಗಳ ಸಂಖ್ಯೆ, ಪರೀಕ್ಷಾ ಬಿಂದುಗಳಲ್ಲಿ ಇರಬೇಕಾದ ವೋಲ್ಟೇಜು, ಬಿಚ್ಚುವ ಕ್ರಮ. ಅದನ್ನೇ ಮತ್ತೆ ತಯಾರಿಸಲು ಬೇಕಾದದ್ದು ಮೂರನೆಯದು: ಬೋರ್ಡಿನ ಗರ್ಬರ್ ಫೈಲು (ಬೋರ್ಡು ತಯಾರಿಸುವ ನಕ್ಷೆ), ಯಂತ್ರದೊಳಗಿನ ತಂತ್ರಾಂಶವಾದ ಫರ್ಮ್‌ವೇರಿನ ಮೂಲ, ಅಚ್ಚಿನ ಚಿತ್ರಗಳು. ನಮ್ಮ ಅಭಿಪ್ರಾಯ ಸ್ಪಷ್ಟವಿದೆ. ಮೊದಲನೆಯದು ಕೊಳ್ಳುವವರ ಹಕ್ಕು, ಅದರಲ್ಲಿ ರಾಜಿ ಬೇಡ. ಎರಡನೆಯದನ್ನು ಐದು ವರ್ಷಕ್ಕಿಂತ ಹೆಚ್ಚು ಬಾಳಬೇಕಾದ ಯಾವುದೇ ಯಂತ್ರಕ್ಕೆ ಕೇಳಲೇಬೇಕು. ಮೂರನೆಯದು ತಯಾರಕರ ಇಚ್ಛೆ.

ಮೊದಲ ಬಗೆಯೊಂದೇ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ 2007ರ ಸೆಪ್ಟೆಂಬರ್ ಸಾಕ್ಷಿ. ಎಎಂಡಿ ತನ್ನ ಗ್ರಾಫಿಕ್ಸ್ ಚಿಪ್ಪುಗಳ ರಿಜಿಸ್ಟರ್ ದಾಖಲೆಗಳನ್ನು ಹೊರಬಿಡಲು ಆಗ ಶುರುಮಾಡಿತು. ಚಿಪ್ಪಿನ ಒಳವಿನ್ಯಾಸವನ್ನು ಕೊಡಲಿಲ್ಲ. ಆದರೂ ಆ ದಾಖಲೆಗಳ ಬಲದಿಂದ ಲಿನಕ್ಸಿಗೆ ಮುಕ್ತ ಡ್ರೈವರು (ಚಿಪ್ಪನ್ನು ನಡೆಸುವ ತಂತ್ರಾಂಶ) ಬೆಳೆಯಿತು. ಅದೇ ಕಾಲದಲ್ಲಿ ಎನ್‌ವಿಡಿಯಾ ಚಿಪ್ಪುಗಳಿಗೆ ನೂವೋ ಡ್ರೈವರು ಬರೆಯುತ್ತಿದ್ದವರು ಚಿಪ್ಪಿನ ವರ್ತನೆಯನ್ನು ಹೊರಗಿನಿಂದ ನೋಡಿ ಒಂದೊಂದು ರಿಜಿಸ್ಟರನ್ನೂ ಊಹಿಸಬೇಕಾಯಿತು. ಎನ್‌ವಿಡಿಯಾ ತನ್ನ ಡ್ರೈವರಿನ ಕರ್ನಲ್ (ಲಿನಕ್ಸಿನ ತಿರುಳಿನಲ್ಲಿ ಓಡುವ) ಭಾಗದ ಮೂಲವನ್ನು ತೆರೆದದ್ದು 2022ರ ಮೇ ತಿಂಗಳಲ್ಲಿ.

ಪುಣೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿದೆ. ಅಲ್ಲಿನ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ 45 ಮೀಟರ್ ವ್ಯಾಸದ 30 ಆಂಟೆನಾಗಳಿವೆ. ಅವುಗಳಿಂದ ಬರುವ ಸಂಕೇತವನ್ನು ಸಂಸ್ಕರಿಸುವ ವ್ಯವಸ್ಥೆಯಲ್ಲಿ ರೋಚ್ ಎಂಬ ಬೋರ್ಡುಗಳನ್ನು ಬಳಸಿದ್ದಾರೆ. ಖಗೋಳ ಸಂಶೋಧಕರ ಕ್ಯಾಸ್ಪರ್ ಸಹಯೋಗದಲ್ಲಿ ರೂಪುಗೊಂಡ ಈ ಬೋರ್ಡುಗಳ ವಿನ್ಯಾಸ ಬಹಿರಂಗವಾಗಿದೆ. ಬೇರೆಬೇರೆ ದೇಶಗಳ ವೀಕ್ಷಣಾಲಯಗಳು ಒಂದೇ ಬೋರ್ಡನ್ನು ಬಳಸಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಮುಂದುವರಿಸುವುದು ಅದರಿಂದಲೇ ಸಾಧ್ಯವಾಗಿದೆ.

ತಯಾರಕರ ಅಳುಕು

ಮಾಹಿತಿ ಕೊಡದವರೆಲ್ಲ ಕೆಟ್ಟ ಮನಸ್ಸಿನವರಲ್ಲ. ಸಣ್ಣ ಕಂಪನಿಗಳಲ್ಲಿ ಮೊದಲ ಕಾರಣ ದಾಖಲೆಯೇ ಇಲ್ಲದಿರುವುದು. ರಿಜಿಸ್ಟರ್ ಪಟ್ಟಿ ಯಾವನೋ ಎಂಜಿನಿಯರನ ಲ್ಯಾಪ್‌ಟಾಪಿನ ಎಕ್ಸೆಲ್ ಹಾಳೆಯಲ್ಲಿತ್ತು, ಆತ ಕೆಲಸ ಬಿಟ್ಟು ಹೋಗಿದ್ದಾನೆ. ಅಥವಾ ಬೋರ್ಡೇ ಹೊರಗಿನಿಂದ ಬಂದದ್ದು, ಚಿಪ್ಪಿನ ಮಾಹಿತಿಯನ್ನು ಗೌಪ್ಯ ಕರಾರಿಗೆ ಸಹಿ ಹಾಕಿ ಪಡೆದದ್ದು. ಇಂಥವರಿಗೆ ಒಂದು ಮಾತು ಬಿಡಿಸಿ ಹೇಳಬೇಕು: ಗೌಪ್ಯ ಕರಾರು ಚಿಪ್ಪಿನ ದಾಖಲೆಗೆ ಸಂಬಂಧಿಸಿದ್ದು. ನಿಮ್ಮ ಮೀಟರಿನ ಮಾಡ್‌ಬಸ್ ಪಟ್ಟಿ ನೀವೇ ರೂಪಿಸಿದ್ದು, ಅದನ್ನು ಪ್ರಕಟಿಸಲು ಸಾಮಾನ್ಯವಾಗಿ ಯಾರ ಒಪ್ಪಿಗೆಯೂ ಬೇಕಿಲ್ಲ.

ನಕಲಿನ ಭಯಕ್ಕೆ ಇತಿಹಾಸದ ಆಧಾರವಿದೆ. ಐಬಿಎಂ 1981ರ ತನ್ನ ಪಿಸಿಗೆ ಸರ್ಕ್ಯೂಟ್ ಚಿತ್ರ ಮತ್ತು ಪಿಸಿಯನ್ನು ಚಾಲೂ ಮಾಡುವ ತಂತ್ರಾಂಶವಾದ ಬಯಾಸ್‌ನ ಪೂರ್ತಿ ಸಾಲುಗಳಿರುವ ತಾಂತ್ರಿಕ ಕೈಪಿಡಿಯನ್ನು ಮಾರಿತು. ಅದೇ ಬಗೆಯ ಪಿಸಿಗಳು ಬೇರೆಯವರಿಂದ ಬಂದವು, ಐಬಿಎಂ ಹಿಡಿತ ಸಡಿಲವಾಯಿತು. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕವಲ್ಲ. ಆದರೆ ಐಬಿಎಂ ಕೊಟ್ಟದ್ದರಲ್ಲಿ ನಾವು ಹೇಳಿದ ಮೂರನೆಯ ಬಗೆಯದೂ ಸೇರಿತ್ತು. ರಿಜಿಸ್ಟರ್ ಪಟ್ಟಿ ನೋಡಿ ಮೀಟರು ತಯಾರಿಸಲು ಆಗುವುದಿಲ್ಲ. ಅಳತೆಯ ನಿಖರತೆ ಕರೆಂಟ್ ಟ್ರಾನ್ಸ್‌ಫಾರ್ಮರು, ಕ್ಯಾಲಿಬ್ರೇಶನ್, ಬೋರ್ಡಿನ ವಿನ್ಯಾಸದಲ್ಲಿದೆ, ಪಟ್ಟಿಯಲ್ಲಿಲ್ಲ. ನಕಲು ಮಾಡಲೇಬೇಕೆಂದು ಹೊರಟವನು ಅಂಗಡಿಯಿಂದ ಒಂದು ಮೀಟರು ಕೊಂಡು ಬಿಚ್ಚುತ್ತಾನೆ, ನಿಮ್ಮ ಪಿಡಿಎಫ್‌ಗಾಗಿ ಕಾಯುತ್ತಾ ಕೂರುವುದಿಲ್ಲ. ಪಟ್ಟಿ ಸಿಗದೆ ಕಾಯುವವನು ನಿಮ್ಮ ಗಿರಾಕಿ.

ಸುರಕ್ಷತೆಯ ಆಕ್ಷೇಪವೂ ಬರುತ್ತದೆ: ಪಟ್ಟಿ ಕೊಟ್ಟರೆ ಯಾರಾದರೂ ಯಂತ್ರದೊಳಗೆ ಕೈಹಾಕಬಹುದು ಎಂದು. ಆರ್‌ಎಸ್-485 ತಂತಿಗೆ ತಲುಪಿದವನನ್ನು ಪಟ್ಟಿಯ ಗುಟ್ಟು ತಡೆಯುವುದಿಲ್ಲ, ಮಾಡ್‌ಬಸ್‌ನಲ್ಲಿ ಪಾಸ್‌ವರ್ಡೇ ಇಲ್ಲ. ತಡೆಯಬೇಕಾದ್ದು ಬರೆಯುವ ರಿಜಿಸ್ಟರುಗಳಿಗೆ ಯಂತ್ರದ ಮೇಲೊಂದು ಬೀಗದ ಸ್ವಿಚ್ ಇಟ್ಟು.

ಕೇಳುವ ಹೊತ್ತು

ಇಡೀ ವಿಷಯದ ತಿರುಳು ಇಲ್ಲಿದೆ. ಯಂತ್ರ ಬಂದು, ಹಣ ಪಾವತಿಯಾಗಿ, ಎಂಜಿನಿಯರು ಹೊರಟ ಮೇಲೆ ಕೇಳಿದರೆ ಮಾರಾಟ ವಿಭಾಗಕ್ಕೆ ನಿಮ್ಮ ಪತ್ರ ಒಂದು ಕಿರಿಕಿರಿ. ಕೊಟೇಶನ್ ಹಂತದಲ್ಲಿ ಕೇಳಿದರೆ ಅದೇ ಪತ್ರ ಒಂದು ಆರ್ಡರು. ತಯಾರಕರನ್ನು ಪ್ರೋತ್ಸಾಹಿಸುವುದೆಂದರೆ ನಮ್ಮ ಪ್ರಕಾರ ಮನವಿ, ಸಹಿ ಸಂಗ್ರಹಗಳಿಗಿಂತ ಹೆಚ್ಚಾಗಿ ಇದು: ದಾಖಲೆ ಕೊಡುವವರಿಂದ ಕೊಳ್ಳುವುದು, ಹಾಗೆ ಕೊಂಡೆವು ಎಂದು ಆರ್ಡರು ಪಡೆದವರಿಗೂ ಕಳೆದುಕೊಂಡವರಿಗೂ ಹೇಳುವುದು. ಸೋತ ಕಂಪನಿಗೂ ‘ನಿಮ್ಮ ಬೆಲೆ ಕಡಿಮೆಯಿತ್ತು, ರಿಜಿಸ್ಟರ್ ಪಟ್ಟಿ ಕೊಡಲಿಲ್ಲವೆಂದು ಆರ್ಡರು ಬೇರೆಯವರಿಗೆ ಹೋಯಿತು’ ಎಂದು ಎರಡು ಸಾಲು ಬರೆಯಿರಿ. ಆ ಎರಡು ಸಾಲು ಅವರ ಸಭೆಯಲ್ಲಿ ನಿಮಗಿಂತ ಚೆನ್ನಾಗಿ ವಾದಿಸುತ್ತದೆ.

ಪರ್ಚೇಸ್ ಆರ್ಡರಿನಲ್ಲಿ ‘ಸಂಬಂಧಪಟ್ಟ ದಾಖಲೆಗಳನ್ನು ನೀಡತಕ್ಕದ್ದು’ ಎಂದಷ್ಟೇ ಬರೆದರೆ ಮಿಂಚುವ ಕಾಗದದ ಬ್ರೋಶರು ಬರುತ್ತದೆ. ಬೇಕಾದ್ದನ್ನು ಹೆಸರಿಸಿ ಬರೆಯಿರಿ. ಮೀಟರಿಗೋ ಇನ್ವರ್ಟರಿಗೋ ಹೀಗಿರಬಹುದು: ‘ಪ್ರತಿ ರಿಜಿಸ್ಟರಿನ ವಿಳಾಸ (ತಂತಿಯ ಮೇಲೆ ಸೊನ್ನೆಯಿಂದ ಎಣಿಸಿದ್ದು), ಫಂಕ್ಷನ್ ಕೋಡ್, ಸಂಖ್ಯೆಯ ಬಗೆ, ರಿಜಿಸ್ಟರುಗಳ ಕ್ರಮ, ಗುಣಕ, ಅಳತೆಯ ಮಾನ, ಓದಲು ಮಾತ್ರವೋ ಬರೆಯಲೂ ಬಹುದೋ, ಮತ್ತು ಯಾವ ಫರ್ಮ್‌ವೇರ್ ಆವೃತ್ತಿಗೆ ಅನ್ವಯ ಎಂಬ ವಿವರ. ಕನಿಷ್ಠ ಒಂದು ಪೂರ್ತಿ ಪ್ರಶ್ನೆ ಮತ್ತು ಉತ್ತರದ ಬೈಟುಗಳು. ಡೀಫಾಲ್ಟ್ ವೇಗ, ಪ್ಯಾರಿಟಿ, ವಿಳಾಸ. ಈ ದಾಖಲೆ ಲಾಗಿನ್ ಇಲ್ಲದೆ ಕಂಪನಿಯ ಜಾಲತಾಣದಲ್ಲಿ ಸಿಗತಕ್ಕದ್ದು. ಇದು ತಲುಪಿ ಪರೀಕ್ಷೆಯಾಗುವವರೆಗೆ ಬಿಲ್ಲಿನ 10 ಶೇಕಡಾ ತಡೆಹಿಡಿಯಲಾಗುವುದು.’ ಲಾಗಿನ್ ಇಲ್ಲದೆ ಎಂಬ ಮಾತನ್ನು ಬಿಡಬೇಡಿ. ನಿಮಗೊಬ್ಬರಿಗೇ ಇಮೇಲಿನಲ್ಲಿ ಬಂದ ಪಟ್ಟಿ ನೀವು ಕೆಲಸ ಬದಲಿಸಿದ ದಿನ ಕಳೆದುಹೋಗುತ್ತದೆ, ನಾಳೆ ಬರುವ ಗುತ್ತಿಗೆದಾರನಿಗೆ ಸಿಗುವುದಿಲ್ಲ.

ಸರಕಾರಿ ಕಚೇರಿಗಳು ಸರಕಾರಿ ಖರೀದಿಯ ಜೆಮ್ ಪೋರ್ಟಲ್ ಮೂಲಕ ಕೊಳ್ಳುವಾಗ ಖರೀದಿದಾರರು ಸೇರಿಸುವ ಹೆಚ್ಚುವರಿ ಷರತ್ತುಗಳಲ್ಲಿ ಇದನ್ನು ಸೇರಿಸಲು ಅವಕಾಶವಿದೆ. ಡೊಂಬಿವ್ಲಿ, ಠಾಣೆ, ಪಿಂಪ್ರಿಯ ಹೌಸಿಂಗ್ ಸೊಸೈಟಿಗಳಿಗೂ ಈ ದಾರಿ ತೆರೆದಿದೆ. ಸೌರ ಇನ್ವರ್ಟರು, ನೀರಿನ ಪಂಪಿನ ಕಂಟ್ರೋಲರು, ಜನರೇಟರಿನ ಮೀಟರು ಇವೆಲ್ಲ ಸೊಸೈಟಿಯ ಹಣದಿಂದ ಬರುವಂಥವು, ಟೆಂಡರಿನ ಕರಡು ಕಮಿಟಿಯ ಕೈಯಲ್ಲೇ ಇರುತ್ತದೆ. ಕಮಿಟಿಯಲ್ಲಿ ಒಬ್ಬ ಎಲೆಕ್ಟ್ರಿಕಲ್ ಬಲ್ಲವರಿದ್ದರೆ ಮೇಲಿನ ಷರತ್ತನ್ನು ಒಂದೇ ಸಂಜೆಯಲ್ಲಿ ಸೇರಿಸಬಹುದು.

ಕಾನೂನು ಎಲ್ಲಿಗೆ ಬಂದಿದೆ? ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯ ಅದರಲ್ಲಿವೆ. ಉತ್ಪನ್ನಗಳಿಗೆ ರಿಪೇರಿ ಸೂಚ್ಯಂಕ ಕೊಡುವ ಬಗ್ಗೆ ನೇಮಿಸಿದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಅಂಕ ಹಾಕುವ ಮಾನದಂಡಗಳಲ್ಲಿ ರಿಪೇರಿ ಮಾಹಿತಿಯೂ ಒಂದು. ಫ್ರಾನ್ಸ್ 2021ರ ಜನವರಿಯಿಂದಲೇ ಇಂಥ ಸೂಚ್ಯಂಕವನ್ನು ಕಡ್ಡಾಯ ಮಾಡಿದೆ, ಐರೋಪ್ಯ ಒಕ್ಕೂಟದಲ್ಲಿ ಫೋನು, ಟ್ಯಾಬ್ಲೆಟ್‌ಗಳ ಹೊಸ ನಿಯಮ 2025ರ ಜೂನ್ 20ರಿಂದ ಜಾರಿಯಲ್ಲಿದೆ. ನಮ್ಮಲ್ಲಿ ಇದಕ್ಕಿಂತ ಮುಂಚೆಯೇ ಒಂದು ದೊಡ್ಡ ಆದೇಶ ಬಂದಿತ್ತು. ಬಿಡಿಭಾಗ ಮತ್ತು ದೋಷಪತ್ತೆ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.64 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಗಳು ನಡೆದವು ನಿಜ, ಆದರೂ ಮಾಹಿತಿ ಬಚ್ಚಿಡುವುದು ಸ್ಪರ್ಧೆಯನ್ನು ಕೊಲ್ಲುತ್ತದೆ ಎಂಬ ವಾದಕ್ಕೆ ಅಲ್ಲಿ ಮನ್ನಣೆ ಸಿಕ್ಕಿತು. ಮೀಟರು, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ), ಪಂಪ್ ಕಂಟ್ರೋಲರುಗಳಂಥ ಕೈಗಾರಿಕಾ ಸಲಕರಣೆಗಳು ಪೋರ್ಟಲಿನ ಆ ನಾಲ್ಕು ವಲಯಗಳಲ್ಲಿ ಇಲ್ಲ. ಅದಕ್ಕಾಗಿಯೇ ಪರ್ಚೇಸ್ ಆರ್ಡರಿನ ಮೇಲೆ ಇಷ್ಟು ಒತ್ತು.

ಈಗಾಗಲೇ ಕೊಂಡಾಗಿದ್ದರೆ? ಮೊದಲು ಯಂತ್ರದ ಮಾದರಿ ಸಂಖ್ಯೆ, ಫರ್ಮ್‌ವೇರ್ ಆವೃತ್ತಿ, ಕೊಂಡ ಬಿಲ್ಲಿನ ಪ್ರತಿ ಸೇರಿಸಿ ಒಂದೇ ಪ್ರಶ್ನೆ ಕೇಳಿ. ಹತ್ತು ಪ್ರಶ್ನೆ ಕೇಳಿದರೆ ಒಂದಕ್ಕೂ ಉತ್ತರ ಬರುವುದಿಲ್ಲ. ಅಮೆರಿಕದಲ್ಲೂ ಮಾರುವ ವೈರ್‌ಲೆಸ್ ಸಲಕರಣೆಯಾದರೆ ಹಿಂಬದಿಯಲ್ಲಿ ಎಫ್‌ಸಿಸಿ (ಅಲ್ಲಿನ ಸಂವಹನ ನಿಯಂತ್ರಣ ಸಂಸ್ಥೆ) ಸಂಖ್ಯೆ ಇರುತ್ತದೆ. ಆ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿದರೆ ಒಳಬೋರ್ಡಿನ ಫೋಟೊಗಳು ಬಹಳ ಸಲ ಸಿಗುತ್ತವೆ, ಅದರಿಂದ ಚಿಪ್ಪಿನ ಹೆಸರು ತಿಳಿಯುತ್ತದೆ. ಸರ್ಕ್ಯೂಟ್ ಚಿತ್ರ ಮಾತ್ರ ಅಲ್ಲಿ ಸಾಮಾನ್ಯವಾಗಿ ಗೌಪ್ಯ. ಲಿನಕ್ಸ್ ಓಡುವ ರೂಟರು, ಸೆಟ್‌ಟಾಪ್ ಬಾಕ್ಸು, ಡಿವಿಆರ್ ಆದರೆ ಕೇಳುವ ಹಕ್ಕು ಇನ್ನೂ ಗಟ್ಟಿ, ಏಕೆಂದರೆ ಲಿನಕ್ಸಿನ ಜಿಪಿಎಲ್ ಪರವಾನಗಿಯ ಪ್ರಕಾರ ಅದರ ತಿರುಳಾದ ಕರ್ನಲಿನ ಮೂಲವನ್ನು ಕೊಡಲೇಬೇಕು. 2003ರಲ್ಲಿ ಲಿಂಕ್‌ಸಿಸ್ ಹೀಗೆಯೇ ತನ್ನ ಡಬ್ಲ್ಯುಆರ್‌ಟಿ54ಜಿ ರೂಟರಿನ ಮೂಲವನ್ನು ಬಿಟ್ಟುಕೊಟ್ಟಿತು, ರೂಟರುಗಳ ಮುಕ್ತ ತಂತ್ರಾಂಶವಾದ ಓಪನ್‌ಡಬ್ಲ್ಯುಆರ್‌ಟಿ ಅದರಿಂದಲೇ ಹುಟ್ಟಿತು.

ಯಾರೂ ಉತ್ತರಿಸದಿದ್ದರೆ ನೀವೇ ಅಳೆದು ಬರೆಯಬೇಕು. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52(1)(ಎಬಿ) ಕಲಮು, ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗದಿದ್ದಾಗ, ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಕೆಲಸ ಮಾಡಲು ಬೇಕಾದ ಮಾಹಿತಿಯನ್ನು ಅದನ್ನು ನ್ಯಾಯವಾಗಿ ಹೊಂದಿರುವವರು ಶೋಧಿಸಿಕೊಳ್ಳಲು ಅವಕಾಶ ಕೊಡುತ್ತದೆ. ಮೀಟರಿನ ವಿಷಯದಲ್ಲಿ ಕ್ರಮ ಸರಳ. ತಂತಿಯ ಎರಡು ತುದಿಗಳಲ್ಲೂ, ಅಲ್ಲಿ ಮಾತ್ರ, 120 ಓಮಿನ ರೆಸಿಸ್ಟರು ಹಾಕಿ. ಉತ್ತರವೇ ಬರದಿದ್ದರೆ ಎ ಮತ್ತು ಬಿ ತಂತಿಗಳನ್ನು ಅದಲುಬದಲು ಮಾಡಿ. ಈ ಹೆಸರುಗಳನ್ನು ತಯಾರಕರು ಒಂದೇ ರೀತಿ ಬಳಸುವುದಿಲ್ಲ, ಬದಲಿಸುವುದರಿಂದ ಏನೂ ಸುಡುವುದಿಲ್ಲ. 9,600 ವೇಗದಲ್ಲಿ, ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್) ಇಲ್ಲದೆ ಒಮ್ಮೆ, ಆಮೇಲೆ 19,200, ಈವನ್ ಪ್ಯಾರಿಟಿಯಲ್ಲಿ ಒಮ್ಮೆ ಪ್ರಯತ್ನಿಸಿ. ನಂತರ ಫಂಕ್ಷನ್ 03 ಮತ್ತು 04 ಎರಡರಲ್ಲೂ ಸೊನ್ನೆಯಿಂದ ರಿಜಿಸ್ಟರುಗಳನ್ನು ಓದುತ್ತಾ ಹೋಗಿ, ಮಲ್ಟಿಮೀಟರಿನ ವೋಲ್ಟೇಜಿಗೂ ಮೀಟರಿನ ಪರದೆಗೂ ತಾಳೆ ನೋಡಿ. ಫೇಸಿನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು, ಫೇಸಿನಿಂದ ಫೇಸಿಗೆ 400ರ ಆಸುಪಾಸು ಎಂಬುದು ನೆನಪಿರಲಿ. ಓದುವ ಆದೇಶಗಳನ್ನಷ್ಟೇ ಕೊಡಿ. 06 ಮತ್ತು 16 ಬರೆಯುವ ಆದೇಶಗಳು, ಅವುಗಳಿಂದ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರು) ಅನುಪಾತ ಬದಲಾದರೆ ಮೀಟರಿನ ಎಲ್ಲ ಲೆಕ್ಕವೂ ಕೆಡುತ್ತದೆ.

ಭೋಸರಿ, ವಾಗ್ಳೆ ಎಸ್ಟೇಟ್, ಗೋವಾದ ವೆರ್ಣಾದಲ್ಲಿ ಸ್ವಂತ ಸಲಕರಣೆ ತಯಾರಿಸುವ ಕನ್ನಡಿಗರಿಗೂ ಒಂದು ಮಾತಿದೆ. ಶುರುವಿಗೆ ಒಂದೇ ಪುಟ ಸಾಕು: ಪಿನ್ನುಗಳ ಚಿತ್ರ, ವೋಲ್ಟೇಜಿನ ಮಿತಿ, ರಿಜಿಸ್ಟರುಗಳ ಕೋಷ್ಟಕ, ಒಂದು ಪ್ರಶ್ನೆ ಮತ್ತು ಉತ್ತರ. ಸೀರಿಯಲ್ ಪಿನ್ನುಗಳಿದ್ದರೆ 3.3 ವೋಲ್ಟೋ 5 ವೋಲ್ಟೋ ಎಂದು ಬೋರ್ಡಿನ ಮೇಲೆಯೇ ಅಚ್ಚುಹಾಕಿಸಿ, 5 ವೋಲ್ಟಿನ ಅಡಾಪ್ಟರು ಚುಚ್ಚಿ ಸುಟ್ಟುಕೊಂಡ ಬೋರ್ಡು ಕೊನೆಗೆ ವಾರಂಟಿಯಲ್ಲಿ ನಿಮ್ಮ ಬಾಗಿಲಿಗೇ ಬರುತ್ತದೆ. ಚಿಪ್ಪುಗಳನ್ನು ಎರಡು ತಂತಿಯಲ್ಲಿ ಜೋಡಿಸುವ ಐ-ಸ್ಕ್ವೇರ್ಡ್-ಸಿ ಸಾಧನವಾದರೆ ವಿಳಾಸ 7 ಬಿಟ್‌ನದೋ 8 ಬಿಟ್‌ನದೋ ಹೇಳಿ. ಸಣ್ಣ ಓಎಲ್‌ಇಡಿ ಪರದೆಗಳ ಬೆನ್ನ ಮೇಲೆ ಹೆಕ್ಸಿನಲ್ಲಿ 78 ಎಂದಿರುತ್ತದೆ, ಪ್ರೋಗ್ರಾಮಿನಲ್ಲಿ ಕೊಡಬೇಕಾದ್ದು ಅದರ ಅರ್ಧ, ಹೊಸಬರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಪೂರ್ತಿ ವಿನ್ಯಾಸವನ್ನೇ ತೆರೆಯಲು ಮನಸ್ಸಿದ್ದರೆ ಸರ್ನ್ ಸಂಸ್ಥೆಯ ಓಪನ್ ಹಾರ್ಡ್‌ವೇರ್ ಪರವಾನಗಿಯ 2020ರ ಎರಡನೇ ಆವೃತ್ತಿ ಮೂರು ಬಗೆಯಲ್ಲಿ ಸಿಗುತ್ತದೆ. ಬದಲಾವಣೆ ಮಾಡಿದವರೂ ತೆರೆಯಲೇಬೇಕೆಂಬ ಬಿಗಿಯಾದದ್ದು, ಮಧ್ಯಮವಾದದ್ದು, ಹಾಗೆ ತೆರೆಯಬೇಕೆಂಬ ಕಟ್ಟು ಇಲ್ಲದ ಸಡಿಲವಾದದ್ದು.

ಪ್ರಕಟಿಸಿದ ಪುಟದ ತಲೆಯಲ್ಲಿ ದಿನಾಂಕ ಮತ್ತು ಆವೃತ್ತಿ ಇರಲಿ, ಕೆಳಗೆ ಗೊತ್ತಿರುವ ದೋಷಗಳ ಪಟ್ಟಿ ಇರಲಿ. ಫರ್ಮ್‌ವೇರ್ ಬದಲಿಸಿ ರಿಜಿಸ್ಟರುಗಳ ಜಾಗ ಸರಿಸಿದರೆ ಹೊಸ ಪಟ್ಟಿಯನ್ನು ಹಳೆಯದರ ಪಕ್ಕದಲ್ಲಿಡಿ, ಹಳೆಯದನ್ನು ಅಳಿಸಬೇಡಿ. ಹಳೆಯ ಫರ್ಮ್‌ವೇರಿನ ಮೀಟರುಗಳು ಪ್ಯಾನೆಲ್ಲುಗಳಲ್ಲಿ ಇನ್ನೂ ಹತ್ತು ವರ್ಷ ಓಡುತ್ತಿರುತ್ತವೆ.